ಓದುಗರ ಪ್ರಶ್ನೆ: ರೇಡಿಯೇಷನ್ ಮೆಷಿನ್ ಯಾರದ್ದು ಅಂತ ಕೇಳಬಹುದಾ?

ಪ್ರಶ್ನೆ: ನಮ್ಮ ಭಾವ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ವಯಸ್ಸು 67. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 6 (ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಅಂಕ, 6 ಅಂದರೆ ಕಡಿಮೆ) ಅಂತ ಬಂದಿದೆ. ಒಬ್ಬ ಯುರಾಲಜಿಸ್ಟ್ (ಮೂತ್ರಾಂಗ, ಪ್ರಾಸ್ಟೇಟ್ ತಜ್ಞರು) ತಮ್ಮ ಸೆಂಟರಿನಲ್ಲೇ ರೇಡಿಯೇಷನ್ ತಗೊಳ್ಳಿ ಎಂದರು. ಇನ್ನೊಬ್ಬರು ಈಗೇನೂ ಬೇಡ, ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತಪರೀಕ್ಷೆ) ನೋಡ್ತಾ ಇರೋಣ ಎಂದರು. ಮೊದಲಿನವರು ದುಡ್ಡಿಗಾಗಿ ಹೇಳಿದರಾ? – ಹೆಸರು ಬೇಡ, ಮೈಸೂರು

ಆ ಡಾಕ್ಟರ ಮನಸ್ಸಿನಲ್ಲಿ ಏನಿತ್ತು ಅಂತ ಇಲ್ಲಿ ಕೂತು ಹೇಳಲಾಗದು. ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಡಾಕ್ಟರುಗಳು ತಮ್ಮ ಲಾಭವಿರುವ ಕಡೆಗೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ) ರೋಗಿಗಳನ್ನು ಕಳಿಸಬಾರದು ಅಂತ ಸ್ಟಾರ್ಕ್ ಕಾನೂನು ಇದೆ, ಆದರೆ ತಮ್ಮದೇ ಕ್ಲಿನಿಕ್ಕಿನೊಳಗೆ ಕೊಡುವ ಸೇವೆಗೆ ಅದರಲ್ಲೇ ವಿನಾಯಿತಿ ಇದೆ, ಆ ಸಂದಿಯಲ್ಲೇ ಎಷ್ಟೋ ಯುರಾಲಜಿ ಗುಂಪುಗಳು ಐಎಂಆರ್‌ಟಿ ಎಂಬ ದುಬಾರಿ ರೇಡಿಯೇಷನ್ ಕೊಡುವ ಮೆಷಿನ್ ಕೊಂಡವು. 2013ರಲ್ಲಿ ಜೀನ್ ಮಿಚೆಲ್ ಎಂಬ ಅರ್ಥಶಾಸ್ತ್ರಜ್ಞೆ ಮೆಡಿಕೇರ್ ಲೆಕ್ಕ ತೆಗೆದು ನೋಡಿದರು. ಮೆಷಿನ್ ಕೊಂಡ ಗುಂಪುಗಳಲ್ಲಿ ಈ ಚಿಕಿತ್ಸೆ ಪಡೆದವರು ಶೇ. 13ರಿಂದ 32ಕ್ಕೆ ಏರಿದ್ದರು. ಕೊಳ್ಳದವರಲ್ಲಿ 14 ಇದ್ದದ್ದು 15ರ ಆಸುಪಾಸಿಗೆ ಬಂದಿತ್ತು, ಅಷ್ಟೇ. ಕಾಯಿಲೆ ಅದೇ, ಊರೂ ಹೆಚ್ಚುಕಡಿಮೆ ಅದೇ!

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಇದೇ ಕ್ಯಾನ್ಸರಿಗೆ ಕೊಡುವ, ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್‌ಗೆ ಮೊದಲು ಮೆಡಿಕೇರ್ ಧಾರಾಳವಾಗಿ ಕೊಡುತ್ತಿತ್ತು, ಡಾಕ್ಟರಿಗೆ ನಡುವೆ ಒಳ್ಳೇ ಮಾರ್ಜಿನ್ ಉಳಿಯುತ್ತಿತ್ತು. 2003ರ ಕಾನೂನಿನ ನಂತರ ಆ ದರ ಕಡಿತವಾಯಿತು. ಅಷ್ಟೊಂದು ಉಪಯೋಗವಿಲ್ಲದ ರೋಗಿಗಳಿಗೆ ಇಂಜೆಕ್ಷನ್ ಕೊಡುವುದು ಎರಡೇ ವರ್ಷದಲ್ಲಿ ಶೇ. 38.7ರಿಂದ 25.7ಕ್ಕೆ ಇಳಿಯಿತು. ನಿಜವಾಗಿ ಬೇಕಾದವರಿಗೆ ಕೊಡುವುದು ಕಡಿಮೆಯಾಗಲಿಲ್ಲ. ಅಂದರೆ ಡಾಕ್ಟರುಗಳು ಕೆಟ್ಟವರು ಅಂತಲ್ಲ. ಕೊಟ್ಟರೂ ಸರಿ, ಬಿಟ್ಟರೂ ಸರಿ ಅನ್ನುವ ಜಾಗದಲ್ಲಿ ದುಡ್ಡು ತಕ್ಕಡಿಯನ್ನು ಒಂದು ಕಡೆ ಒತ್ತುತ್ತದೆ. ಗ್ಲೀಸನ್ 6 ಸರಿಯಾಗಿ ಅಂಥ ಜಾಗ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಅಂತ ಮೂರು ಗುಂಪು ಮಾಡಿದ್ದರು. 15 ವರ್ಷದ ನಂತರ ಈ ಕ್ಯಾನ್ಸರಿನಿಂದ ಸತ್ತವರು ಮೂರರಲ್ಲೂ ಶೇ. 3ರ ಆಸುಪಾಸು. ಆದರೆ ನಿಗಾದ ಗುಂಪಿನಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ಸುಮಾರು ದುಪ್ಪಟ್ಟು, ಶೇ. 9.4. ನಿಗಾದ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮುಂದೆ ಚಿಕಿತ್ಸೆ ತಗೊಂಡರು ಕೂಡ. ಹಾಗಾಗಿ ನಿಗಾ ಎಂದರೆ ಮನೆಯಲ್ಲಿ ಮರೆತು ಕೂರುವುದಲ್ಲ. ಪಿಎಸ್‌ಎ, ಎಂಆರ್‌ಐ, ಮತ್ತೆ ಬಯಾಪ್ಸಿ, ಎಲ್ಲ ಇದೆ.

ಭಾವನವರು ಮೊದಲ ಡಾಕ್ಟರನ್ನು ನೇರವಾಗಿ ಕೇಳಲಿ: ಈ ಸೆಂಟರಿನಲ್ಲಿ ನಿಮ್ಮ ಪಾಲಿದೆಯಾ? ಕೇಳುವುದರಲ್ಲಿ ಅವಮರ್ಯಾದೆ ಏನಿಲ್ಲ.

ಪ್ರಶ್ನೆ: ಸಂಬಳದ ಡಾಕ್ಟರಾದರೆ ಈ ರಗಳೆ ಇರೋದಿಲ್ಲ ಅಲ್ವಾ? – ಓದುಗರು, ತುಮಕೂರು

ಕಡಿಮೆ, ಆದರೆ ಇಲ್ಲ ಅನ್ನಲಾಗದು. ಅಮೆರಿಕದ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರಿಗೆ ಸಂಬಳ. ಅಲ್ಲಿ 65ರೊಳಗಿನ, ಅಪಾಯ ಕಡಿಮೆ ಇರುವ ರೋಗಿಗಳಲ್ಲಿ 2005ರಲ್ಲಿ ಚಿಕಿತ್ಸೆಯಿಲ್ಲದೆ ಕಾದವರು ಶೇ. 27 ಮಾತ್ರ. 2015ಕ್ಕೆ ಅದು 72 ಆಯಿತು. ಸಂಬಳ ಎರಡೂ ಕಾಲದಲ್ಲಿ ಇತ್ತಲ್ಲ! ತಿಳಿವಳಿಕೆ ಬದಲಾಯಿತು, ಅಭ್ಯಾಸ ಬದಲಾಯಿತು. ಇದರ ಜೊತೆಗೆ ರೋಗಿಯ ಭಯವನ್ನೂ ಸೇರಿಸಿ. "ಒಳಗೆ ಕ್ಯಾನ್ಸರ್ ಇಟ್ಕೊಂಡು ಹೇಗೆ ಮಲಗೋದು, ತೆಗೆದುಬಿಡಿ" ಅಂತ ಮನೆಯವರೇ ಹಟ ಹಿಡಿಯುವುದು ಎಲ್ಲ ದೇಶದಲ್ಲೂ ಇದೆ. ಮಿಷಿಗನ್‌ನಲ್ಲಿ ಒಂದು ವಿಮಾ ಕಂಪನಿಯ ನೆರವಿನಿಂದ 2011ರಿಂದ ಯುರಾಲಜಿಸ್ಟರು ತಮ್ಮ ಚಿಕಿತ್ಸೆಯ ಅಂಕಿಗಳನ್ನು ಬೇರೆ ಡಾಕ್ಟರುಗಳದ್ದರ ಜೊತೆ ಇಟ್ಟು ನೋಡುತ್ತಿದ್ದಾರೆ. ನನಗೆ ಅದು ಬೈಗುಳಕ್ಕಿಂತ ಒಳ್ಳೇ ದಾರಿ ಅನ್ನಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ ವಿಮೆ ಇಂಥ ನಿಗಾಕ್ಕೆ ದುಡ್ಡು ಕೊಡುತ್ತಾ? – ಓದುಗರು, ಹುಬ್ಬಳ್ಳಿ

ಹೆಚ್ಚಾಗಿ ಇಲ್ಲ. ಆಯುಷ್ಮಾನ್ ಭಾರತ್ ಇರುವುದು ಆಸ್ಪತ್ರೆಗೆ ಸೇರುವವರ ಪ್ಯಾಕೇಜುಗಳಿಗೆ, ಓಪಿಡಿ (ಆಸ್ಪತ್ರೆಗೆ ಸೇರದೆ ತೋರಿಸಿಕೊಂಡು ಹೋಗುವುದು) ಅದರಲ್ಲಿ ಬರುವುದಿಲ್ಲ. ಖಾಸಗಿ ಪಾಲಿಸಿಗಳಲ್ಲೂ ಓಪಿಡಿ ಸಾಮಾನ್ಯವಾಗಿ ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳುವಂಥದ್ದು. ಆಪರೇಷನ್ ಆದರೆ ವಿಮೆ, ಕಾದರೆ ಸ್ವಂತ ಜೇಬು. ಇಲ್ಲಿ ತಕ್ಕಡಿ ಒತ್ತುವುದು ರೋಗಿಯ ಕಡೆಯಿಂದಲೇ. ಪಾಲಿಸಿ ನವೀಕರಿಸುವ ಮೊದಲು ಓಪಿಡಿ ಪರೀಕ್ಷೆಗೆ ವರ್ಷಕ್ಕೆ ಎಷ್ಟು ಕೊಡುತ್ತಾರೆ, ಬಯಾಪ್ಸಿ ಡೇ-ಕೇರ್ (ಅದೇ ದಿನ ಮನೆಗೆ ಹೋಗುವ ಚಿಕಿತ್ಸೆ) ಪಟ್ಟಿಯಲ್ಲಿದೆಯಾ, ಎರಡನ್ನೂ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.