ಗಾಳಿ ಇಲ್ಲದ ದಿನ ತರಗೆಲೆ ಸುಡಬಹುದಾ? ಅಗ್ನಿಶಾಮಕ ಠಾಣೆಗೆ ಹೇಳಲೇಬೇಕಾ?

ನೀವು ಕೇಳಿರುವುದು ಇಷ್ಟು: ಜಾಗದ ತುಂಬ ತರಗೆಲೆ, ಒಣ ಕಡ್ಡಿ ಬಿದ್ದಿದೆ. ಬೆಳಿಗ್ಗೆ ಹೊತ್ತು ಒಂದು ಎಲೆಯೂ ಅಲುಗುವುದಿಲ್ಲ, ನಿನ್ನೆ ನಾಲ್ಕು ಹನಿ ಮಳೆಯೂ ಬಿದ್ದಿದೆ. ಆಗ ಸುಟ್ಟರೆ ಏನಾಗುತ್ತೆ, ಅಷ್ಟಕ್ಕೆಲ್ಲ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಬೇಕಾ ಅಂತ.

ಮಾಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬೆಂಕಿ ಆರಿಸುವ ಕೆಲಸದಲ್ಲಿ ಇದ್ದವನಾಗಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನಿಮ್ಮ ‘ಗಾಳಿ ಇಲ್ಲ’ ಅನ್ನುವ ಮಾತು.

ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಎತ್ತರದಲ್ಲಿ ಜೋರಾಗಿ ಬೀಸುತ್ತಿದ್ದರೂ ಕೆಳಗೆ ನಮಗೆ ಗೊತ್ತಾಗುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಆ ಮುಚ್ಚಳ ಕಳಚುತ್ತದೆ, ಮೇಲಿನ ಗಾಳಿ ಕೆಳಗಿಳಿಯುತ್ತದೆ. ಏಳು ಗಂಟೆಗೆ ಹಚ್ಚಿದ ರಾಶಿ ಹತ್ತು ಗಂಟೆಗೆ ಕೆಂಡವಾಗಿರುತ್ತದೆ, ಅಲ್ವಾ? ಗಾಳಿ ಏಳುವುದೂ ಹೆಚ್ಚಾಗಿ ಆ ಹೊತ್ತಿಗೇ. ಅಲ್ಲಿಯವರೆಗೆ ಹೊಗೆ ಮೇಲೇರದೆ ಅಕ್ಕಪಕ್ಕದ ಮನೆಗಳ ಕಿಟಕಿಯಲ್ಲಿ ನುಗ್ಗುವುದು ಬೇರೆ. ಹಾಗಾಗಿ ಗಾಳಿಯೇ ಇಲ್ಲದ ಬೆಳಿಗ್ಗೆಗಿಂತ, ಒಂದೇ ದಿಕ್ಕಿನಿಂದ ಮೆಲ್ಲಗೆ ಬೀಸುವ ಗಾಳಿ ನನಗೆ ಇಷ್ಟ.

ಇನ್ನೊಂದು, ಗಾಳಿಯಲ್ಲಿರುವ ತೇವ. ಹೆಚ್ಚಿನವರು ಬಿಸಿಲನ್ನಷ್ಟೇ ನೋಡುತ್ತಾರೆ, ಇದನ್ನು ನೋಡುವುದೇ ಇಲ್ಲ. ಬೆಳಿಗ್ಗೆ 20 ಡಿಗ್ರಿ ಇದ್ದಾಗ ಮೊಬೈಲ್‌ನಲ್ಲಿ ತೇವಾಂಶ ಶೇ 60 ಅಂತ ತೋರಿಸಿತು ಅಂದುಕೊಳ್ಳಿ. ಮಧ್ಯಾಹ್ನ 32 ಡಿಗ್ರಿ ಆದರೆ, ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ, ಅದು ಶೇ 30ರ ಹತ್ತಿರ ಬಂದಿರುತ್ತದೆ. ಹುಲ್ಲು, ಎಲೆ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ಇವೆಲ್ಲ ಸುತ್ತಲಿನ ಗಾಳಿಗೆ ತಕ್ಕಂತೆ ಒಣಗಲು ಸುಮಾರು ಒಂದು ಗಂಟೆ ಸಾಕು. ನಿನ್ನೆಯ ನಾಲ್ಕು ಹನಿ ಮಳೆಯೊಂದನ್ನೇ ನಂಬಿ ಕೂರಬೇಡಿ. ಕಾಡ್ಗಿಚ್ಚಿನ ಅಪಾಯ ಎಷ್ಟಿದೆ ಅಂತ ಅಳೆಯುವ ಕೆನಡಾದ ಬೆಂಕಿ ಹವಾಮಾನ ಸೂಚ್ಯಂಕವೂ ನಡುಹಗಲಿನ ಬಿಸಿ, ತೇವಾಂಶ, ಗಾಳಿ ಮತ್ತು ಹಿಂದಿನ 24 ಗಂಟೆಯ ಮಳೆಯನ್ನು ಒಟ್ಟಿಗೆ ಇಟ್ಟುಕೊಂಡೇ ಲೆಕ್ಕ ಹಾಕುತ್ತದೆ. ನೆನಪಿಡಲು ಸುಲಭವಾದ ಒಂದು ಮಾತಿದೆ, ಮೂರು ಮೂವತ್ತು: ಬಿಸಿ 30 ಡಿಗ್ರಿಗಿಂತ ಹೆಚ್ಚು, ತೇವಾಂಶ ಶೇ 30ಕ್ಕಿಂತ ಕಡಿಮೆ, ಗಾಳಿ ಗಂಟೆಗೆ 30 ಕಿಲೋಮೀಟರ್‌ಗಿಂತ ಜಾಸ್ತಿ. ಮೂರೂ ಸೇರಿದ ದಿನ ಬೆಂಕಿ ಕೈಗೆ ಸಿಗುವುದಿಲ್ಲ. ಎರಡು ಸೇರಿದರೂ ನಾನಂತೂ ಕಡ್ಡಿ ಗೀರುವುದಿಲ್ಲ. ಜಾಗ ಇಳಿಜಾರಾಗಿದ್ದರೆ ಇನ್ನೂ ಹುಷಾರು. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಈಗ ಫೋನ್ ವಿಷಯ. ಸುಡಲು ಅನುಮತಿ ಬೇಕಾ ಬೇಡವಾ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಕೆಲವು ಕಡೆ ಬಯಲಲ್ಲಿ ಸುಡುವುದೇ ಅಪರಾಧ. ಅಮೆರಿಕದಲ್ಲಿ ಬೆಂಕಿ ಬೇಗ ಹರಡುವಂಥ ಹವೆ ಇದ್ದಾಗ ಹವಾಮಾನ ಇಲಾಖೆ ‘ರೆಡ್ ಫ್ಲ್ಯಾಗ್’ ಎಚ್ಚರಿಕೆ ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ‘ಟೋಟಲ್ ಫೈರ್ ಬ್ಯಾನ್’ ಹೇಳಿದ ದಿನ ಬಯಲಲ್ಲಿ ಬೆಂಕಿ ಹಚ್ಚುವಂತೆಯೇ ಇಲ್ಲ. ನಿಮ್ಮ ಜಾಗದಲ್ಲಿ ಇವತ್ತು ಯಾವ ನಿಯಮ ಅಂತ ಠಾಣೆಯವರೇ ಹೇಳುತ್ತಾರೆ. ಅದಕ್ಕಿಂತ ಮುಖ್ಯ, ನೀವು ಮೊದಲೇ ಹೇಳಿದ್ದರೆ ದಾರಿಹೋಕರು ಹೊಗೆ ನೋಡಿ ಕರೆ ಮಾಡಿದಾಗ ಅದು ನಿಮ್ಮದೇ ಅಂತ ಅವರಿಗೆ ತಿಳಿಯುತ್ತದೆ. ಇಲ್ಲದಿದ್ದರೆ ಒಂದು ಫೈರ್ ಎಂಜಿನ್ ಸುಮ್ನೆ ನಿಮ್ಮ ತರಗೆಲೆ ನೋಡಲು ಬರುತ್ತದೆ. ಆಗಲೇ ಇನ್ನೆಲ್ಲೋ ಮನೆ ಹೊತ್ತಿಕೊಂಡರೆ? ಆದರೆ ಇದಕ್ಕೆ ತುರ್ತು ನಂಬರ್ ಬೇಡ, ಠಾಣೆಯ ಕಚೇರಿ ನಂಬರ್‌ಗೆ ಮಾಡಿ. ಹೇಗಿದ್ದರೂ ಮಾತಾಡುತ್ತೀರಿ, ಜಾಗ ಬಂದು ನೋಡುತ್ತೀರಾ ಅಂತಲೂ ಕೇಳಿ. ಎಷ್ಟೋ ಠಾಣೆಗಳವರು ಬರುತ್ತಾರೆ.

ಎಲ್ಲ ಸರಿ ಅಂದರೆ ರಾಶಿ ಚಿಕ್ಕದಿರಲಿ. ಉಳಿದದ್ದನ್ನು ದೂರ ಇಟ್ಟು ಸ್ವಲ್ಪಸ್ವಲ್ಪವೇ ಹಾಕಿ. ಸುತ್ತ ಬರಿ ಮಣ್ಣು ಕಾಣುವ ಹಾಗೆ ಕೆರೆಯಿರಿ. ಮೇಲೆ ಕರೆಂಟ್ ತಂತಿ, ಮರದ ಕೊಂಬೆ ಇರಬಾರದು. ನೀರಿನ ಪೈಪು, ಸನಿಕೆ ಕೈಗೆ ಸಿಗುವಂತಿರಲಿ. ಪ್ಲಾಸ್ಟಿಕ್, ಟಯರ್ ಹಾಕಲೇಬೇಡಿ. ಪೆಟ್ರೋಲ್ ಸುರಿಯಬೇಡಿ. ಹೊತ್ತಿಕೊಳ್ಳುವುದು ಅದರ ಆವಿ, ನೀವು ನಿಂತ ಜಾಗದ ತನಕ ಹರಡಿರುತ್ತದೆ.

ಆರಿಸುವುದಕ್ಕೆ ಹಚ್ಚುವುದಕ್ಕಿಂತ ಜಾಸ್ತಿ ಹೊತ್ತು ಬೇಕು. ನೀರು ಹಾಕಿ, ಸನಿಕೆಯಿಂದ ಕೆದಕಿ, ಮತ್ತೆ ನೀರು ಹಾಕಿ. ಬರೀ ಮಣ್ಣು ಮುಚ್ಚಿ ಹೋಗಬೇಡಿ. ಅಡಿಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ, ಒಣ ಬೇರು ಹಿಡಿದು ದೂರವೂ ಹೋಗಬಹುದು. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ಮಾರನೆಯ ದಿನ ಮಧ್ಯಾಹ್ನ, ಗಾಳಿ ಎದ್ದ ಹೊತ್ತಿಗೆ, ಇನ್ನೊಮ್ಮೆ ಹೋಗಿ ನೋಡಿ.

ಅಂದಹಾಗೆ, ನೀವು ಹೇಳಿದ್ದರಲ್ಲಿ ಎಲೆಯೇ ಜಾಸ್ತಿ ಇದ್ದರೆ ಒಂದು ಗುಂಡಿಗೆ ಹಾಕಿ ನೀರು ಚಿಮುಕಿಸಿ, ಗೊಬ್ಬರವಾಗುತ್ತದೆ. ಆಗ ಸುಡಲು ಉಳಿಯುವುದು ಕಡ್ಡಿ ಮಾತ್ರ.