ಬಾಗಿಲಿನ ಹಿಂದೆಯೇ ಯಾಕೆ ನಿಲ್ಲುತ್ತಾರೆ?

ಪ್ರಶ್ನೆ: ಕಾರು ನಿಲ್ಲಿಸಿದ ಪೊಲೀಸರು ಎದುರಿಗೆ ಬರದೆ ಬಾಗಿಲಿನ ಸ್ವಲ್ಪ ಹಿಂದೆ ನಿಂತು ಮಾತಾಡುತ್ತಾರೆ, ಕೈ ಕಾಣುವ ಹಾಗೆ ಇಡಿ ಅನ್ನುತ್ತಾರೆ. ನಾವೇನು ಕಳ್ಳರಾ?

ಉತ್ತರ: ಕಿರಿಕಿರಿ ಆಗುವುದು ಸಹಜ. ಆದರೆ ಒಳಗೆ ಯಾರಿದ್ದಾರೆ, ಸೀಟಿನ ಕೆಳಗೆ ಏನಿದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ ಅಲ್ವಾ? ಅದಕ್ಕೇ ಹತ್ತಿರ ಬರುವ ಮೊದಲೇ ವಾಹನದ ನಂಬರು, ನಿಂತ ಜಾಗ ಎರಡನ್ನೂ ವೈರ್‌ಲೆಸ್‌ನಲ್ಲಿ ತಿಳಿಸಬೇಕು ಅನ್ನುವುದು ತರಬೇತಿಯ ಮೊದಲ ಪಾಠ. ಬಾಗಿಲಿನ ಹಿಂದೆ ನಿಂತರೆ, ಅದು ದಢಕ್ಕನೆ ತೆರೆದರೂ ಪೆಟ್ಟು ಬೀಳುವುದಿಲ್ಲ. ಚಾಲಕ ಏನಾದರೂ ಮಾಡಬೇಕೆಂದರೆ ಪೂರ್ತಿ ಹಿಂದಕ್ಕೆ ತಿರುಗಬೇಕು, ಅಷ್ಟರಲ್ಲಿ ಅಧಿಕಾರಿಗೆ ಒಂದೆರಡು ಕ್ಷಣ ಸಿಗುತ್ತದೆ. ಕೈಗಳನ್ನು ನೋಡುವುದೂ ಇದಕ್ಕೇ.

ಪಕ್ಕದಲ್ಲಿ ಹಾದುಹೋಗುವ ವಾಹನಗಳ ಅಪಾಯವೂ ಕಡಿಮೆಯೇನಲ್ಲ. ಎಷ್ಟೋ ಅಧಿಕಾರಿಗಳು ರಸ್ತೆಯ ಕಡೆ ಬಿಟ್ಟು ಇನ್ನೊಂದು ಬದಿಯಿಂದ ಬರುವುದು, ತಮ್ಮ ಗಾಡಿಯನ್ನು ಹಿಂದೆ ಸ್ವಲ್ಪ ರಸ್ತೆಯ ಕಡೆಗೆ ಸರಿಸಿ ನಿಲ್ಲಿಸುವುದು ಅದಕ್ಕೆ.

ನಡೆದು ಹೋಗುವವರನ್ನು ತಡೆದಾಗ ಕೈಗೆಟುಕದಷ್ಟು ದೂರದಲ್ಲಿ, ಸ್ವಲ್ಪ ಓರೆಯಾಗಿ, ಪಿಸ್ತೂಲು ಇರುವ ಸೊಂಟ ಹಿಂದಕ್ಕಿರುವಂತೆ ನಿಲ್ಲುತ್ತಾರೆ. ಇಬ್ಬರಿದ್ದರೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಸುಮ್ನೆ ನಿಂತು ಗಮನಿಸುತ್ತಾರೆ. ಇಬ್ಬರೂ ಪ್ರಶ್ನೆ ಕೇಳತೊಡಗಿದರೆ ಕಾವಲಿಗೆ ಯಾರು!

ಹಾಗಂತ ಒರಟಾಗಿ ಮಾತಾಡಲು ಇದು ನೆಪವಲ್ಲ. ಯಾಕೆ ನಿಲ್ಲಿಸಿದೆವು ಅಂತ ಮೊದಲೇ ಹೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನೀವೂ ಎಂಜಿನ್ ಆರಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ದಾಖಲೆ ತೆಗೆಯಲು ಕೈ ಹಾಕುವ ಮೊದಲು ಬಾಯಿಬಿಟ್ಟು ಹೇಳಿ.