ಆಸ್ಪತ್ರೆಯ ಗುಣಮಟ್ಟ ಸುಧಾರಿಸಲು ಹಣ ಎಲ್ಲಿ ಹಾಕಬೇಕು: ಹೊಸ ಉಪಕರಣಕ್ಕಾ, ತರಬೇತಿಗಾ, ರೋಗಿಗಳ ಪಾಲ್ಗೊಳ್ಳುವಿಕೆಗಾ?

ನಮಸ್ಕಾರ. ನಿಮ್ಮ ಆಸ್ಪತ್ರೆಯ ಗುಣಮಟ್ಟ ಸಮಿತಿಗೆ ಒಂದಿಷ್ಟು ಹಣ ಬಂದಿದೆ, ಈ ಮೂರರಲ್ಲಿ ಯಾವುದಕ್ಕೆ ಹಾಕೋಣ ಎಂದು ಕೇಳಿದ್ದೀರಿ. ನಾನು ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್, ಹೊಸಬರಿಗೆ ಕಲಿಸುವ ಕೆಲಸವೂ ನನ್ನದೇ. ಹಣವನ್ನು ಕಲಿಸುವುದಕ್ಕೇ ಹಾಕಿ ಅನ್ನುತ್ತೇನೆ. ಆದರೆ ಒಂದು ಷರತ್ತು: ಎಷ್ಟು ಜನಕ್ಕೆ ಕಲಿಸಿದಿರಿ ಎಂದು ಲೆಕ್ಕ ಹಾಕಬೇಡಿ. ಕಲಿತವರ ಕೈಯಲ್ಲಿ ಎಷ್ಟು ಉಳಿಯಿತು ಎಂದು ನೋಡಿ.

ಈ ಮಾತಿಗೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ನೀರು. 1971ರ ಬಾಂಗ್ಲಾದೇಶ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಡಿಯಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಆಗ ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ಕುಡಿಸುವ ಕೆಲಸವನ್ನು ಮನೆಯವರಿಗೇ ವಹಿಸಿತು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದು ಅಷ್ಟರಲ್ಲಾಗಲೇ ಗೊತ್ತಿತ್ತು. ಆದರೆ ಅದನ್ನು ತಾಯಂದಿರು, ಅಣ್ಣತಮ್ಮಂದಿರ ಕೈಗೆ ಕೊಡಬಹುದು ಎಂದು ನಂಬಿದವರು ಕಡಿಮೆ.

ಮುಂದಿನ ಕಥೆ ನನಗೆ ಇನ್ನೂ ಇಷ್ಟ. 1980ರಿಂದ ಸುಮಾರು ಹತ್ತು ವರ್ಷ ಬಾಂಗ್ಲಾದೇಶದ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಹೇಳಿಕೊಟ್ಟರು. 1.2 ಕೋಟಿ ಮನೆಗಳನ್ನು ಮುಟ್ಟಿದರು. ಸಂಬಳ ಕೊಟ್ಟ ರೀತಿ ನೋಡಿ. ಕಲಿಸಿ ಹೋದ ಮೇಲೆ ಬೇರೆಯವರು ಕೆಲವು ಮನೆಗಳಿಗೆ ಹೋಗಿ, ಆ ತಾಯಿಗೆ ಏನು ನೆನಪಿದೆ, ಅವಳು ಕಲಸಿದ ನೀರು ಸರಿಯಾಗಿದೆಯಾ ಎಂದು ಪರೀಕ್ಷೆ ಮಾಡುತ್ತಿದ್ದರು. ಅದರ ಮೇಲೆ ಕಲಿಸಿದವಳ ದುಡ್ಡು ನಿರ್ಧಾರ ಆಗುತ್ತಿತ್ತು. ಇಷ್ಟಾದರೂ ಮೊದಮೊದಲು ಹಲವು ತಾಯಂದಿರು ಅದನ್ನು ಬಳಸಲೇ ಇಲ್ಲ. ವಿಚಾರಿಸಿದಾಗ ಕಲಿಸುವವರಿಗೇ ಅದರ ಮೇಲೆ ನಂಬಿಕೆ ಇಲ್ಲದ್ದು ಗೊತ್ತಾಯಿತು! ಮನೆಯ ಗಂಡಸರಿಗಂತೂ ಯಾರೂ ಏನೂ ಹೇಳಿರಲಿಲ್ಲ. ಎರಡನ್ನೂ ಸರಿಪಡಿಸಿದ ಮೇಲೆ ಬಳಕೆ ಏರಿತು.

ದೊಡ್ಡ ಆಸ್ಪತ್ರೆಗಳಲ್ಲೂ ಇದೇ ಪಾಠ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ (ತೆಳು ನಳಿಕೆ) ಹಾಕುವಾಗ ಕೈ ತೊಳೆಯುವಂಥ ಐದು ಸಾದಾ ನಿಯಮಗಳನ್ನು ಪಾಲಿಸಿ, ಸೋಂಕನ್ನು ಶೇ. 66ರಷ್ಟು ತಗ್ಗಿಸಿಕೊಂಡವು. ವರದಿ ಬಂದದ್ದು 2006ರಲ್ಲಿ. ಕೈ ತೊಳೆಯುವುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಹೊಸದೇನೆಂದರೆ, ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ‘ನಿಲ್ಲಿಸಿ’ ಎನ್ನುವ ಅಧಿಕಾರ ನರ್ಸ್‌ಗೆ ಸಿಕ್ಕಿತು. ಅದೇ ಕೆನಡಾದ ಒಂಟಾರಿಯೋದಲ್ಲಿ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟನ್ನು ಕಡ್ಡಾಯ ಮಾಡಿದರು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು, ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಏಕೆ ಹೀಗಾಯಿತು ಎಂಬ ಚರ್ಚೆ ಇದೆ. ನನ್ನ ಅನಿಸಿಕೆ ಇಷ್ಟೇ: ಕಾಗದದ ಮೇಲೆ ಟಿಕ್ ಹಾಕಿಸುವುದು ಸುಲಭ, ಬಾಯಿಬಿಟ್ಟು ಮಾತಾಡುವ ಧೈರ್ಯ ಕೊಡುವುದು ಕಷ್ಟ.

ನನ್ನ ವಾರ್ಡಿನದ್ದೊಂದು ಹೇಳುತ್ತೇನೆ. ಬಹಳ ಕಾಲದಿಂದ ಇನ್ಹೇಲರ್ ಬಳಸುತ್ತಿದ್ದ ಹಿರಿಯರೊಬ್ಬರು ಡಿಸ್ಚಾರ್ಜ್‌ಗೆ ತಯಾರಾಗಿದ್ದರು. ಉಬ್ಬಸ ಹಿಡಿತಕ್ಕೆ ಬರುತ್ತಿಲ್ಲ ಎಂದು ಡೋಸ್ ಹೆಚ್ಚಿಸುವ ಮಾತೂ ನಡೆದಿತ್ತು. “ಗೊತ್ತಲ್ವಾ ಹೇಗೆ ತಗೊಳ್ಳೋದು?” ಎಂದು ಕೇಳಿದ್ದರೆ “ಹ್ಞೂಂ ಸಿಸ್ಟರ್” ಎಂದು ಹೊರಟುಬಿಡುತ್ತಿದ್ದರು. “ಒಂದ್ಸಲ ತಗೊಂಡು ತೋರಿಸಿ ಅಜ್ಜಾ” ಅಂದೆ. ಅಲುಗಿಸಲಿಲ್ಲ. ಉಸಿರು ಹೊರಗೆ ಬಿಡಲಿಲ್ಲ. ಮೊದಲು ಒತ್ತಿ, ಆಮೇಲೆ ಗಬಕ್ಕನೆ ಎಳೆದುಕೊಂಡರು. ಔಷಧ ಜಾಸ್ತಿ ಪಾಲು ಬಾಯಲ್ಲೇ ಉಳಿದಿರುತ್ತದೆ. ಚೆನ್ನಾಗಿ ಅಲುಗಿಸಿ, ಉಸಿರು ಪೂರ್ತಿ ಬಿಟ್ಟು, ನಿಧಾನ ಒಳಗೆಳೆಯಲು ಶುರು ಮಾಡುತ್ತಲೇ ಒತ್ತಿ, ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಅದನ್ನು ತೋರಿಸಿಕೊಟ್ಟಾಗ ಅವರೇ ಬಾಯಿಬಿಟ್ಟರು: “ಬೆರಳಿಗೆ ಬಲ ಇಲ್ಲಮ್ಮ, ಎರಡೂ ಒಟ್ಟಿಗೆ ಆಗಲ್ಲ.” ಈ ಮಾತು ಯಾವ ಫೈಲಿನಲ್ಲೂ ಇರಲಿಲ್ಲ. ಇನ್ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಹಾಕಿಕೊಟ್ಟೆವು. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಕೂಡಿಸುವ ಗೋಜಿಲ್ಲ, ಎರಡೂ ಕೈಯಿಂದ ಒತ್ತಬಹುದು. ಡೋಸ್ ಹೆಚ್ಚಿಸುವುದನ್ನು ಡಾಕ್ಟರ್ ಸದ್ಯಕ್ಕೆ ಕೈಬಿಟ್ಟರು.

ಹಾಗಾಗಿ ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯನ್ನು ನಿಮ್ಮ ವಾರ್ಡುಗಳಿಂದ ತೆಗೆದುಹಾಕಿ. ‘ನಾನು ಸರಿಯಾಗಿ ಹೇಳಿದೆನಾ ನೋಡಬೇಕು, ಮನೆಗೆ ಹೋದ ಮೇಲೆ ಏನು ಮಾಡ್ತೀರಿ ಹೇಳಿ’ ಎಂದು ಕೇಳುವುದನ್ನು ರೂಢಿಸಿ. ಹೀಗೆ ಕೇಳಿದರೆ ಪರೀಕ್ಷೆ ನಮ್ಮದು, ರೋಗಿಗೆ ಸಂಕೋಚವಿಲ್ಲ. ಇದಕ್ಕೆ ಸಮಯ ಬೇಕು, ಸಮಯ ಬೇಕೆಂದರೆ ಕೈಗಳು ಬೇಕು. ಡಿಸ್ಚಾರ್ಜ್ ಹೊತ್ತಿಗೆ ಒಬ್ಬ ನರ್ಸ್‌ಗೆ ಬೇರೆ ಕೆಲಸ ಹಚ್ಚದೆ ಬಿಡುವಷ್ಟು ಸಿಬ್ಬಂದಿ ಇರಲಿ. ನಿಮ್ಮ ಹಣದ ದೊಡ್ಡ ಪಾಲು ಅಲ್ಲಿಗೆ ಹೋಗಲಿ. ಮನೆಗೆ ಹೋದ ಕೆಲವರಿಗೆ ವಾರದ ನಂತರ, ಕಲಿಸಿದವರಲ್ಲ, ಬೇರೆಯವರು ಫೋನ್ ಮಾಡಲಿ.

ರೋಗಿಗಳನ್ನು ಸಮಿತಿಗೆ ಸೇರಿಸುವುದಾದರೆ ಸುಮ್ನೆ ಕುರ್ಚಿ ತುಂಬಿಸಲು ಬೇಡ. ಉಪಕರಣ ಕೊಳ್ಳುವ ಮೊದಲೇ ಅವರ ಕೈಗೆ ಕೊಟ್ಟು ನೋಡಿ, ಒಬ್ಬರ ಬದಲು ಇಬ್ಬರನ್ನು ಕರೆಯಿರಿ, ಒಬ್ಬರೇ ಆದರೆ ಬಿಳಿ ಕೋಟುಗಳ ನಡುವೆ ಮಾತೇ ಹೊರಡುವುದಿಲ್ಲ. ಇನ್ನು ‘ಕೈ ತೊಳೆದಿರಾ?’ ಎಂದು ರೋಗಿ ತಾನಾಗಿ ಡಾಕ್ಟರನ್ನು ಕೇಳಲಿ ಎಂದು ಕಾಯಬೇಡಿ. ಹಾಸಿಗೆಯಲ್ಲಿ ಮಲಗಿದವರಿಗೆ ಆ ಧೈರ್ಯ ಬರುವುದು ಕಷ್ಟ. ‘ಮರೆತರೆ ನೆನಪಿಸಿ, ನನಗೇನೂ ಬೇಜಾರಿಲ್ಲ’ ಎಂದು ಡಾಕ್ಟರೇ ಮೊದಲ ದಿನ ಹೇಳಲಿ. ನಿಮ್ಮಲ್ಲಿ ಹಿರಿಯ ಡಾಕ್ಟರೊಬ್ಬರು ಇದಕ್ಕೆ ಒಪ್ಪಿದರೆ ಅವರ ವಾರ್ಡಿನಿಂದಲೇ ಶುರು ಮಾಡಿ.